ಗೆದ್ದವನೆಂದು ಶಾಲು ಹೊದಿಸಿದ ಮೇಲೆ

ಮೆಲ್ಕಾರ್ ಜಂಕ್ಷನ್ನಿನಲ್ಲಿ ನನ್ನ ಭಾವಚಿತ್ರವಿರುವ ಫ್ಲೆಕ್ಸ್ ಕಟ್ಟಿದ ದಿನವೇ ನನ್ನ ಬಯಾಪ್ಸಿಯ ವರದಿಯೂ ಬಂದಿತು. ಫ್ಲೆಕ್ಸಿನಲ್ಲಿ ನಾನು ಕೋಟು ಧರಿಸಿ ನಗುತ್ತಿದ್ದೆ. ಕೆಳಗೆ, ‘ಕ್ಯಾನ್ಸರ್ ಗೆದ್ದ ಉಪನ್ಯಾಸಕ ಅಬ್ದುಲ್ ರಝಾಕ್ ಅವರಿಗೆ ಹುಟ್ಟೂರ ಸನ್ಮಾನ’ ಎಂದು ಕೆಂಪು ಅಕ್ಷರಗಳಲ್ಲಿ ಮುದ್ರಿಸಿದ್ದರು. ಬೆಳಿಗ್ಗೆ ಮಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನಾನೂ ನನ್ನ ಹೆಂಡತಿ ಮೈಮುನಾಳೂ ಅದನ್ನು ನೋಡಿದೆವು. ಯುವಕ ಮಂಡಲದವರು ಏಣಿ ಇಟ್ಟು ಇನ್ನೂ ಹಗ್ಗ ಬಿಗಿಯುತ್ತಿದ್ದರು. ಚಿತ್ರದಲ್ಲಿ ನನಗೆ ಇರುವುದಕ್ಕಿಂತ ಹೆಚ್ಚು ಕೂದಲು ಉಂಟು ಎಂದು ಮೈಮುನಾ ಹೇಳಿದಳು. ಇಬ್ಬರೂ ನಕ್ಕೆವು. ಮಧ್ಯಾಹ್ನ ಮರಳಿ ಬರುವಾಗ ಫ್ಲೆಕ್ಸ್ ನೆಟ್ಟಗೆ ನಿಂತಿತ್ತು. ನಾವು ಆ ಕಡೆಗೆ ನೋಡಲಿಲ್ಲ.

ನಡೆದುದನ್ನು ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ. ಎರಡು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯ ಮೂಲಕ ನನ್ನ ಬಲ ಶ್ವಾಸಕೋಶದ ಮೇಲಿನ ಭಾಗವನ್ನು ತೆಗೆದಿದ್ದರು. ನಾನು ಜೀವನದಲ್ಲಿ ಒಂದು ಬೀಡಿಯನ್ನೂ ಸೇದಿದವನಲ್ಲ. ಆದರೂ ಕಾಯಿಲೆಯ ಹೆಸರು ಕೇಳಿದವರು ಮೊದಲು ವಿಚಾರಿಸುವುದು ಅದನ್ನೇ. ಬಾಯಿಬಿಟ್ಟು ವಿಚಾರಿಸದವರು ನನ್ನ ತಾಯಿಯ ಕಡೆಗೆ ನೋಡುತ್ತಾರೆ. ಏಕೆಂದರೆ ನನ್ನ ಉಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದವರು. ಶಸ್ತ್ರಚಿಕಿತ್ಸೆ ನಿಶ್ಚಯವಾದ ದಿನ ಉಮ್ಮ ಮನೆಯಲ್ಲಿದ್ದ ಎಲೆ, ಹೊಗೆಸೊಪ್ಪು, ನೂಲು ಎಲ್ಲವನ್ನೂ ಬೀಡಿ ಕಂಪೆನಿಯ ಬ್ರಾಂಚಿಗೆ ಹಿಂದಿರುಗಿಸಿ, ಅಂಗಳವನ್ನು ನೀರು ಹಾಕಿ ತೊಳೆದಿದ್ದರು. ತನ್ನ ಮಡಿಲಿನ ಹೊಗೆಸೊಪ್ಪಿನ ಧೂಳಿನಿಂದಲೇ ನನಗೆ ಇದು ಬಂದಿತೆಂದು ಅವರ ನಂಬಿಕೆ. ಹಾಗೆ ಹೇಳಲು ಬರುವುದಿಲ್ಲವೆಂದು ವೈದ್ಯರು ಬಿಡಿಸಿ ಹೇಳಿದರೂ ಅವರು ತಲೆಯಾಡಿಸಿದರೇ ಹೊರತು ಒಪ್ಪಿಕೊಳ್ಳಲಿಲ್ಲ.

ಗಾಯ ಮಾಯಿತು. ಮೂಡಬಿದಿರೆಯ ಕಾಲೇಜಿಗೆ ಮರಳಿದೆ. ಆರು ತಿಂಗಳಿಗೊಮ್ಮೆ ನಡೆಯುವ ಸ್ಕ್ಯಾನ್ ಪ್ರತಿ ಬಾರಿಯೂ ಶುಭ್ರವಾಗಿ ಬಂದಿತು. ಈ ಬಾರಿ ಮಾತ್ರ ಒಂದು ಕಲೆ ಕಾಣಿಸಿತು. ಸೋಂಕು ಇರಬಹುದೆಂದು ವೈದ್ಯರು ಔಷಧಿ ಕೊಟ್ಟರು. ನಂತರ, ಸಂಶಯ ಉಳಿಯುವುದು ಬೇಡವೆಂದು ಸೂಜಿಯಿಂದ ಮಾದರಿ ತೆಗೆದರು. ಬಾಲ್ಯದಲ್ಲಿ ನನಗೆ ಒಮ್ಮೆ ಕಫ ಕಟ್ಟಿದ್ದುಂಟು. ಇದು ಅದರ ಹಳೆಯ ಗುರುತೇ ಇರಬೇಕೆಂದು ನಾನೂ ಮೈಮುನಾಳೂ ಮಾತಾಡಿಕೊಂಡು, ಅದನ್ನು ನಂಬಿ, ಬೇರೆ ಯಾರಿಗೂ ಹೇಳದೆ ಕುಳಿತಿದ್ದೆವು.

ವರದಿಯ ದಿನ ವೈದ್ಯರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಲಿಲ್ಲ. ಹಿಂದೆಲ್ಲ ನಾವು ಕುಳಿತೊಡನೆ ತಿರುಗಿಸುತ್ತಿದ್ದರು.

“ರಝಾಕ್, ಅದೇ ಬಂದಿದೆ,” ಎಂದರು. “ಆಪರೇಷನ್ ಮಾಡಿದ ಜಾಗ ಸರಿ ಉಂಟು. ಆದರೆ ಎದೆಯ ನಡುವಿನ ಗ್ರಂಥಿಗಳಲ್ಲಿ ಉಂಟು. ಎಡ ಬದಿಯಲ್ಲೂ ಒಂದು ಉಂಟು.”

ನಾನು ಎದ್ದು ನಿಂತು, “ಆಗಲಿ ಸರ್, ತುಂಬಾ ಧನ್ಯವಾದ,” ಎಂದೆ. ಅವರು ಕುಳಿತುಕೊಳ್ಳಲು ಸನ್ನೆ ಮಾಡಿದರು. ಕುಳಿತೆ. ಪುನಃ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದೂ, ಮೂರು ವಾರಗಳಿಗೊಮ್ಮೆ ಡ್ರಿಪ್ ಮೂಲಕ ಔಷಧಿ ಕೊಡಬೇಕೆಂದೂ, ಮುಂದಿನ ವಾರ ಕಳೆದು ಬರುವ ಸೋಮವಾರ ಆರಂಭಿಸಬಹುದೆಂದೂ ಅವರು ಹೇಳಿದರು. ಹಿಂದಿನ ಬಾರಿ ಇದೇ ಕೊಠಡಿಯಲ್ಲಿ ಅವರ ಮಾತಿನಲ್ಲಿ ‘ಗುಣ’ ಎಂಬ ಪದವಿತ್ತು. ಈ ಬಾರಿ ‘ಹತೋಟಿ’ ಎಂದರು. ನಾನು ‘ಗುಣ’ ಎಂಬ ಆ ಹಳೆಯ ಪದ ಪುನಃ ಬರುತ್ತದೆಯೇ ಎಂದು ಕಾಯುತ್ತಾ ಕುಳಿತೆ. ಬರಲಿಲ್ಲ. ಸೋಮವಾರ ಬರುತ್ತೀರಲ್ಲವೇ ಎಂದು ಅವರು ಕೇಳಿದಾಗ, ಯೋಚಿಸಿ ತಿಳಿಸುತ್ತೇನೆ ಎಂದೆ. ವೈದ್ಯರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು.

ಬಸ್ಸಿನಿಂದ ಇಳಿದ ಮೇಲೆ ಮೈಮುನಾ ನನ್ನ ಕಾಲುಗಳನ್ನೇ ನೋಡುತ್ತಾ ನಿಂತಳು. ಆಸ್ಪತ್ರೆಯ ಕೊಠಡಿಯ ಹೊರಗೆ ನನ್ನ ಶೂಗಳನ್ನು ಬಿಟ್ಟು, ಯಾರದೋ ದೊಡ್ಡ ಅಳತೆಯ ಕಪ್ಪು ಚಪ್ಪಲಿಗಳನ್ನು ಮೆಟ್ಟಿಕೊಂಡು ಬಂದಿದ್ದೆ. ಮಂಗಳೂರಿನಿಂದ ಮೆಲ್ಕಾರಿನವರೆಗೆ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಚಪ್ಪಲಿ ಕಾಣದೆ ಅಲ್ಲಿ ಯಾರು ಹುಡುಕುತ್ತಿರಬಹುದು ಎಂಬ ಚಿಂತೆ ಸಂಜೆಯವರೆಗೆ ನನ್ನನ್ನು ಕಾಡಿತು. ವರದಿಯ ಬಗ್ಗೆ ಚಿಂತಿಸಲು ಆ ಹೊತ್ತಿಗೆ ನನ್ನ ಮನಸ್ಸು ಸಿದ್ಧವಿರಲಿಲ್ಲವೆಂದು ಈಗ ಅನಿಸುತ್ತದೆ.

ಸನ್ಮಾನದ ವಿಷಯವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ನಮ್ಮ ಮನೆಯ ಭಾಷೆ ಬ್ಯಾರಿ, ಬೀದಿಯ ಭಾಷೆ ತುಳು. ಕನ್ನಡವನ್ನು ನಾನು ಶಾಲೆಯಲ್ಲಿ, ತಪ್ಪಾದೀತೆಂಬ ಭಯದಲ್ಲಿ ಕಲಿತವನು. ನಮ್ಮ ಕುಟುಂಬದಲ್ಲಿ ಪದವಿ ಪಡೆದ ಮೊದಲಿಗ ನಾನು. ಆ ಕಾರಣಕ್ಕೆ ಊರಿನ ಯುವಕ ಮಂಡಲ ಯಾರಿಗೆ ಶಾಲು ಹೊದಿಸಿದರೂ ಅವರ ಸನ್ಮಾನ ಪತ್ರ ಬರೆಯುವ ಕೆಲಸ ನನ್ನದಾಯಿತು. ನಿವೃತ್ತ ಅಂಚೆಯಣ್ಣನಿಗೆ, ಕಬಡ್ಡಿ ಆಟಗಾರನಿಗೆ, ಹೆರಿಗೆ ನರ್ಸಮ್ಮನಿಗೆ, ಎಲ್ಲರಿಗೂ ನಾನೇ ಬರೆದದ್ದು. ‘ಸರಳ ಸಜ್ಜನಿಕೆಯ ಸಾಕಾರ ಮೂರ್ತಿ’ ಎಂಬ ಮಾತನ್ನು ಎಷ್ಟು ಮಂದಿಗೆ ಹಂಚಿದ್ದೇನೋ ನನಗೇ ತಿಳಿಯದು. ಈ ಬಾರಿ ರಕ್ತದಾನ ಶಿಬಿರದ ಜೊತೆಗೆ ನನ್ನನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದಾಗ, ಮಂಡಲದ ಅಧ್ಯಕ್ಷ ರಾಜೇಶ್ ನಾಚಿಕೊಂಡೇ ಮನೆಗೆ ಬಂದ.

“ಸರ್, ನಿಮ್ಮದನ್ನು ಯಾರ ಹತ್ತಿರ ಬರೆಸುವುದು ಅಂತ ಗೊತ್ತಾಗುದಿಲ್ಲ. ಬೇರೆಯವರು ಬರೆದ್ರೆ ತಪ್ಪು ಹಿಡಿಯುವವರು ನೀವೇ. ನೀವೇ ಒಂದು ಬರೆದು ಕೊಡಿ ಮಾರಾಯ್ರೆ, ಅಡಿಯಲ್ಲಿ ಹೆಸರು ನಮ್ಮದು ಹಾಕುವ.”

ಸಂಕೋಚವಾದರೂ ಬರೆದು ಕೊಟ್ಟಿದ್ದೆ. ಬಯಾಪ್ಸಿಗಿಂತ ಮೊದಲಿನ ಮಾತು ಅದು.

ಆ ಸಮಾರಂಭಕ್ಕೆ ನಾನಾಗಿಯೇ ಒಬ್ಬರನ್ನು ಆಹ್ವಾನಿಸಿದ್ದೆ. ಅವರು ಧರ್ಣಪ್ಪ ಗೌಡರು, ಚಾರ್ಮಾಡಿಯ ಕಡೆಯ ರಬ್ಬರ್ ಕೃಷಿಕರು. ಅವರ ಮಗಳು ರಮ್ಯಾ ನನ್ನ ವಿದ್ಯಾರ್ಥಿನಿ. ಮೂಡಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಗೌಡರ ಶ್ವಾಸಕೋಶದಲ್ಲಿಯೂ ಗಡ್ಡೆ ಕಾಣಿಸಿತ್ತು. ಬೇಗ ತೆಗೆದರೆ ಒಳ್ಳೆಯದೆಂದು ನನಗೆ ಚಿಕಿತ್ಸೆ ನೀಡಿದ ವೈದ್ಯರೇ ಅವರಿಗೂ ಹೇಳಿದ್ದರು. ಆದರೆ ಗೌಡರು ಒಪ್ಪುತ್ತಿರಲಿಲ್ಲ. ಗಡ್ಡೆಗೆ ಕತ್ತಿ ಮುಟ್ಟಿದರೆ, ಹೊರಗಿನ ಗಾಳಿ ಒಮ್ಮೆ ತಾಗಿದರೆ ಅದು ಮೈಯೆಲ್ಲ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಬಲವಾಗಿದೆ. ಅವರ ಭಾವನೊಬ್ಬರು ಆ ಮಾತನ್ನು ಅವರ ತಲೆಯಲ್ಲಿ ನೆಟ್ಟುಬಿಟ್ಟಿದ್ದರು. ರಮ್ಯಾ ಅಳುತ್ತಾ ಬಂದು ನನ್ನನ್ನು ಕೇಳಿಕೊಂಡಿದ್ದಳು. ನಾನು ಅವರನ್ನು ಕಾಲೇಜಿನ ಸಿಬ್ಬಂದಿ ಕೊಠಡಿಗೆ ಕರೆಸಿ, ಬಾಗಿಲು ಹಾಕಿ, ಅಂಗಿ ಕಳಚಿ, ಬೆನ್ನಿನಿಂದ ಪಕ್ಕೆಯವರೆಗೆ ಬಂದ ಗೆರೆಯನ್ನು ತೋರಿಸಿದ್ದೆ.

“ಗಾಳಿ ತಾಗ್ಲಿಲ್ವಾ ಸರ್?” ಎಂದು ಅವರು ಕೇಳಿದ್ದರು.

“ತಾಗಿರ್ಬೇಕು. ನಾನು ನಿಮ್ಮ ಎದುರೇ ಇದ್ದೇನಲ್ಲ,” ಎಂದಿದ್ದೆ.

ವರದಿ ಬಂದ ಮರುದಿನ ಸನ್ಮಾನ ಬೇಡವೆಂದು ಹೇಳುವ ಉದ್ದೇಶದಿಂದಲೇ ರಾಜೇಶನಲ್ಲಿಗೆ ಹೋದೆ. ಶಾಲೆಯ ಸಭಾಂಗಣದಲ್ಲಿ ಆತ ಕುರ್ಚಿಗಳನ್ನು ಸಾಲಾಗಿ ಇಡಿಸುತ್ತಿದ್ದ. ಅತಿಥಿಗಳು ಒಪ್ಪಿಯಾಗಿತ್ತು, ಊಟಕ್ಕೆ ಹೇಳಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ, ನನ್ನನ್ನು ನೋಡಿ ನಾಲ್ಕು ಜನಕ್ಕೆ ಧೈರ್ಯ ಬರಬೇಕೆಂಬುದೇ ತಮ್ಮ ಆಸೆಯೆಂದು ಆತ ಹೇಳಿದ. ಮುಂದಿನ ಸಾಲಿನಲ್ಲಿ ಉಮ್ಮನಿಗೆ ಫ್ಯಾನಿನ ಗಾಳಿ ಬೀಳುವಲ್ಲಿ ಕುರ್ಚಿ ಹಾಕು ಎಂದಷ್ಟೇ ಹೇಳಿ ಮರಳಿದೆ.

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಒಂದು ಬದಿಯಲ್ಲಿ ರಕ್ತ ಕೊಡುವವರು ಸಾಲಾಗಿ ಮಲಗಿದ್ದರು. ನನ್ನನ್ನು ವೇದಿಕೆಯ ನಡುವೆ ಕುಳ್ಳಿರಿಸಿ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಮಡಿಲಿನಲ್ಲಿ ಇಟ್ಟರು. ಶಾಲೆಯ ಟೀಚರೊಬ್ಬರು ಸನ್ಮಾನ ಪತ್ರ ಓದಲು ಆರಂಭಿಸಿದರು. ಅವರ ಧ್ವನಿ ಚೆನ್ನಾಗಿತ್ತು. ವಾಕ್ಯಗಳು ನನ್ನವು. ‘ಮಾರಕ ವ್ಯಾಧಿಯನ್ನು ಮನೋಬಲದಿಂದ ಮಣಿಸಿ, ಪೂರ್ಣ ಆರೋಗ್ಯವಂತರಾಗಿ ಮರಳಿ ಬೋಧನಾ ವೃತ್ತಿಯಲ್ಲಿ ತೊಡಗಿರುವ ತಾವು’ ಎಂಬಲ್ಲಿಗೆ ಬಂದಾಗ ಅವರು ಸ್ವಲ್ಪ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಉಮ್ಮ ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. ಪಕ್ಕದಲ್ಲಿ ಮೈಮುನಾ ಕೈಗಳನ್ನು ಮಡಿಲಿನಲ್ಲಿಯೇ ಇಟ್ಟುಕೊಂಡು, ಗೋಡೆಯ ಕಡೆಗೆ ನೋಡುತ್ತಿದ್ದಳು. ಆ ವಾಕ್ಯವನ್ನು ಬರೆಯುವಾಗ ‘ಪೂರ್ಣ’ ಎಂಬ ಪದ ಅಗತ್ಯವೇ ಎಂದು ಸ್ವಲ್ಪ ಹೊತ್ತು ಯೋಚಿಸಿ, ಓದುವಾಗ ಕಿವಿಗೆ ಹಿತವಾಗಿರುತ್ತದೆ ಎಂದು ಉಳಿಸಿಕೊಂಡಿದ್ದೆ.

ಸನ್ಮಾನಕ್ಕೆ ಉತ್ತರಿಸಲು ಮೈಕ್ ಕೊಟ್ಟರು. ಎಲ್ಲರಿಗೂ ಋಣಿಯಾಗಿದ್ದೇನೆ ಎಂದು ಹೇಳಿ ಕುಳಿತೆ. ನಾನು ಬಹಳ ವಿನಯವಂತನೆಂದು ಮುಖ್ಯ ಅತಿಥಿಗಳು ಹೊಗಳಿದರು.

ಸಭೆ ಮುಗಿದ ಮೇಲೆ ಧರ್ಣಪ್ಪ ಗೌಡರು ರಮ್ಯಾಳೊಂದಿಗೆ ವೇದಿಕೆ ಹತ್ತಿ ಬಂದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಅಂಗೈ ರಬ್ಬರ್ ಹಾಲಿನಿಂದ ಒರಟಾಗಿತ್ತು.

“ಬುಧವಾರಕ್ಕೆ ದಿನ ಕೊಟ್ಟಿದ್ದಾರೆ ಸರ್. ಈ ವಾರ ಅಲ್ಲ, ಬರುವ ವಾರದ್ದು. ನಾನು ಹೂಂ ಅಂದೆ. ನಿಮ್ಮನ್ನು ನೋಡಿದ ಮೇಲೆ ಇನ್ನು ಎಂತ ಹೆದರಿಕೆ.”

ರಮ್ಯಾ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. ಹಿಂದಿದ್ದ ಕುರ್ಚಿ ಉರುಳಿತು.

ಆ ವಾರ ನಾನು ಹೇಗೆ ಕಳೆದೆನೆಂದು ಕೇಳಿದರೆ ಸ್ಪಷ್ಟವಾಗಿ ಹೇಳಲಾರೆ. ಸಿದ್ಧಕಟ್ಟೆಯ ದಾರಿಯಾಗಿ ಕಾಲೇಜಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ತರಗತಿಯಲ್ಲಿ ಪಾಠವೂ ನಡೆಯುತ್ತಿತ್ತು. ಮಕ್ಕಳು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದರಿಂದ ನಾನು ಏನನ್ನೋ ಹೇಳುತ್ತಿದ್ದೆನೆಂದು ತಿಳಿಯಬೇಕು. ಒಮ್ಮೆ ಬಂಟ್ವಾಳದಲ್ಲಿ ಇಳಿದು, ಏಕೆ ಇಳಿದೆನೆಂದು ತಿಳಿಯದೆ ಮುಂದಿನ ಬಸ್ಸಿಗಾಗಿ ಕಾದೆ. ನೋವು ಇರಲಿಲ್ಲ, ಕೆಮ್ಮು ಇರಲಿಲ್ಲ. ಮೊದಲ ಬಾರಿ ಕಾಯಿಲೆ ಬಂದಾಗ ಮೈಗೆ ತಿಳಿದಿತ್ತು. ಕೆಮ್ಮಿನಲ್ಲಿ ರಕ್ತ ಬಂದಿತ್ತು. ಈ ಬಾರಿ ಮೈ ನನ್ನಿಂದ ಎಲ್ಲವನ್ನೂ ಮುಚ್ಚಿಟ್ಟಿತ್ತು. ಕನ್ನಡಿಯಲ್ಲಿ ನೋಡಿದರೆ ಫ್ಲೆಕ್ಸಿನಲ್ಲಿದ್ದವನೇ ಕಾಣುತ್ತಿದ್ದ. ಎರಡನೆಯ ಬಾರಿಯ ಭಯದ ವಿಚಿತ್ರವೇನೆಂದರೆ, ಮೊದಲ ಬಾರಿ ಪಟ್ಟ ಕಷ್ಟವೆಲ್ಲ ಏತಕ್ಕಾಗಿತ್ತು ಎಂಬ ಪ್ರಶ್ನೆ ಅದರ ಜೊತೆಗೆ ಬರುತ್ತದೆ. ಪಕ್ಕೆಗೆ ನಳಿಕೆ ಹಾಕಿಸಿಕೊಂಡು ಮಲಗಿದ ದಿನಗಳು, ಬಲೂನು ಊದಿ ಉಸಿರು ಕಲಿತದ್ದು, ಮಗುಚಿ ಮಲಗಲಾರದೆ ಕುಳಿತೇ ನಿದ್ರಿಸಿದ್ದು, ಅವೆಲ್ಲವನ್ನೂ ಒಂದು ಪರೀಕ್ಷೆಯೆಂದು ತಿಳಿದು ಬರೆದವನು ನಾನು. ಬರೆದು ಉತ್ತೀರ್ಣನಾದೆನೆಂದೂ ಭಾವಿಸಿದ್ದೆ. ಪುನಃ ಬರೆ ಎಂದರೆ ಬರೆಯುವುದು ಏಕೆ ಎಂಬ ಹಠ ಒಳಗೇ ಬೆಳೆಯುತ್ತಿತ್ತು. ಆಸ್ಪತ್ರೆಯಿಂದ ಫೋನ್ ಬಂದಾಗ ಎತ್ತಲಿಲ್ಲ. ಸೋಮವಾರದ ಬಗ್ಗೆ ಮೈಮುನಾಳೂ ಕೇಳಲಿಲ್ಲ. ನಾನು ಹೋಗುತ್ತೇನೆಂದು ಅವಳು ತಿಳಿದಿರಬೇಕೆಂದು ನಾನು ಭಾವಿಸಿದ್ದೆ.

ನಮ್ಮಿಬ್ಬರ ಮಾತೆಲ್ಲ ಗೌಡರ ಬಗ್ಗೆಯೇ ನಡೆಯುತ್ತಿತ್ತು. ಅವರಿಗೆ ಈಗ ಹೇಳುವುದು ಬೇಡವೆಂದು ಅವಳ ಅಭಿಪ್ರಾಯ. ಹೇಳಿದರೆ ಅವರು ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಗಡ್ಡೆ ಅಲ್ಲಿಯೇ ಬೆಳೆಯುತ್ತದೆ. ನಾವು ಬಾಯಿ ತೆರೆದದ್ದಕ್ಕೆ ಒಬ್ಬರ ಜೀವ ಹೋಗುತ್ತದೆ. “ಅವರದ್ದು ಆಪರೇಷನ್ ಆಗ್ಲಿ. ಮತ್ತೆ ಹೇಳುವ,” ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಆದರೆ ನಾನು ರಜೆಗೆ ಬರೆದ ದಿನವೇ ವಿಷಯ ಕಾಲೇಜಿನಲ್ಲಿ ಹರಡುತ್ತದೆ, ಹಾಸ್ಟೆಲಿನಲ್ಲಿರುವ ರಮ್ಯಾಳಿಗೆ ತಲುಪುತ್ತದೆ. ಗೌಡರು ಶಸ್ತ್ರಚಿಕಿತ್ಸೆಯ ಮಂಚದ ಮೇಲೆ ಮಲಗುವ ಹೊತ್ತಿಗೆ ಬೇರೆ ಯಾರದೋ ಬಾಯಿಂದ ಕೇಳಬೇಕಾಗಬಹುದು ಎಂದು ನಾನು ಹೇಳಿದೆ. ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳಿಗೆ ಹೇಳಲಿಲ್ಲ. ಅವರು ನನ್ನ ಕೈ ಹಿಡಿದ ರೀತಿ ನೆನಪಾದಾಗಲೆಲ್ಲ ನನಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದು ಶ್ವಾಸಕೋಶದ ದೋಷವಾಗಿರಲಿಲ್ಲ.

ಶನಿವಾರ ನೆರೆಮನೆಯವರ ಕಾರಿನಲ್ಲಿ ನಾವಿಬ್ಬರೂ ಹೊರಟೆವು. ಕಾರನ್ನು ಮೈಮುನಾ ನಡೆಸಿದಳು. ಬೆಳ್ತಂಗಡಿ ದಾಟಿ, ಉಜಿರೆ ದಾಟಿ, ಘಾಟಿ ಎದುರಿಗೆ ಕಾಣುವವರೆಗೂ ಹೇಗೆ ಆರಂಭಿಸಬೇಕೆಂದು ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಯಾವುದೂ ನಿಲ್ಲಲಿಲ್ಲ.

ಗೌಡರ ಮನೆಯ ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಹಗ್ಗದ ಮೇಲೆ ಒಣಹಾಕಿದ್ದರು. ಅವುಗಳ ಹುಳಿ ವಾಸನೆ ಜಗಲಿಯವರೆಗೂ ಇತ್ತು. ಅವರ ಹೆಂಡತಿ ಲೀಲಾವತಿಯಕ್ಕ ಬೆಲ್ಲ, ನೀರು ತಂದಿಟ್ಟರು. ವಾರಾಂತ್ಯಕ್ಕೆ ಬಂದಿದ್ದ ರಮ್ಯಾ ಆಸ್ಪತ್ರೆಗೆ ಒಯ್ಯಬೇಕಾದ ಚೀಲವನ್ನು ಉತ್ಸಾಹದಿಂದ ತೋರಿಸಿದಳು. ಚೀಲದಲ್ಲಿ ಹೊಸ ಲುಂಗಿ, ಮೈ ಒರೆಸಲು ಹೊಸ ಬೈರಾಸು, ಫ್ಲಾಸ್ಕ್ ಇದ್ದವು. ಗೌಡರು ನಗುತ್ತಾ, ಮದುವೆಗೆ ಹೊರಟ ಹಾಗೆ ಮಾಡಿದ್ದಾಳೆ ಎಂದರು.

ನಾನು ನೀರು ಕುಡಿಯದೆ ಹೇಳಿದೆ. ನಮ್ಮ ಮಾತು ತುಳುವಿನಲ್ಲಿ ನಡೆಯಿತು. ಬಸ್ಸಿನಲ್ಲಿ, ಕಾರಿನಲ್ಲಿ ಕಟ್ಟಿದ ಕನ್ನಡದ ವಾಕ್ಯಗಳೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. “ಗೌಡ್ರೇ, ನನಗೆ ಅದು ಪುನಃ ಬಂದಿದೆ. ನಿಮಗೆ ಬೇರೆಯವರಿಂದ ಗೊತ್ತಾಗುವುದು ಬೇಡ ಅಂತ ಬಂದೆ.”

ರಮ್ಯಾಳ ಕೈ ಚೀಲದ ಜಿಪ್ಪಿನ ಮೇಲೆಯೇ ನಿಂತಿತು. ಗೌಡರು ಅಂಗಳದ ಶೀಟುಗಳ ಕಡೆಗೆ ತಿರುಗಿ ಕೇಳಿದರು:

“ಹಾಗಾದ್ರೆ ಭಾವ ಹೇಳಿದ್ದು ಸರಿ ಅಲ್ವಾ? ಗಾಳಿ ತಾಗಿದ್ದೇ ಅಲ್ವಾ?”

ಅಲ್ಲವೆಂದು ನಾನು ವಿವರಿಸಲು ಆರಂಭಿಸಿದೆ. ಕತ್ತಿಯಿಂದ ಹರಡಿದ್ದಲ್ಲ, ಆಗಲೇ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜ ಬೇರೆಡೆಗೆ ಹೋಗಿರಬೇಕು ಎಂದು ವೈದ್ಯರು ಹೇಳಿದ್ದನ್ನು ಹೇಳಿದೆ. ಎರಡು ವರ್ಷ ನನಗೆ ಸಿಕ್ಕಿದ್ದು ಆ ಶಸ್ತ್ರಚಿಕಿತ್ಸೆಯಿಂದಲೇ ಎಂದೆ. ಎಲ್ಲರಿಗೂ ಪುನಃ ಬರುವುದಿಲ್ಲ ಎಂದೂ ಹೇಳಿದೆ. ತರಗತಿಯಲ್ಲಿ ಪಾಠ ಅರ್ಥವಾಗದ ಮಕ್ಕಳ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಗೌಡರ ಮುಖ ಹಾಗಿರಲಿಲ್ಲ. ಅವರಿಗೆ ಅರ್ಥವಾಗಿತ್ತು, ನಂಬಿಕೆ ಮಾತ್ರ ಬರುತ್ತಿರಲಿಲ್ಲ.

ಮಾತಾಡಿದವರು ಲೀಲಾವತಿಯಕ್ಕ. “ಮೊನ್ನೆ ಅಷ್ಟು ಜನರ ಎದುರು ಶಾಲು ಹಾಕಿಸಿಕೊಂಡ್ರಲ್ಲ ನೀವು. ಆಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ.”

“ನಾವು ನಿಮ್ಮನ್ನು ನಂಬಿದ್ದು. ಡಾಕ್ಟರನ್ನು ಅಲ್ಲ.” ಅವರು ಬೆಲ್ಲದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ರಮ್ಯಾ ಅಮ್ಮಾ ಎಂದು ಕರೆದಳು, ಅವರು ತಿರುಗಲಿಲ್ಲ.

ಮೈಮುನಾ ನನ್ನ ಬೆನ್ನ ಹಿಂದೆ ಬಾಗಿಲಿನ ಬಳಿ ನಿಂತಿದ್ದಳು. ಏಳುವುದೇ ಸರಿಯೆಂದು ನಾನು ಮೊಣಕಾಲಿನ ಮೇಲೆ ಕೈಯೂರಿದೆ. ಆಗ ಗೌಡರು ಕೇಳಿದರು:

“ಈಗ ನೀವು ಎಂತ ಮಾಡ್ತೀರಿ ಸರ್?”

“ಸೋಮವಾರ ಹೋಗ್ತೇನೆ.”

“ಎಲ್ಲಿಗೆ?”

“ಅದೇ ಆಸ್ಪತ್ರೆಗೆ. ಡ್ರಿಪ್ಪಿನಲ್ಲಿ ಮದ್ದು ಕೊಡ್ತಾರಂತೆ.”

“ಅದೇ ಡಾಕ್ಟರ ಹತ್ತಿರವಾ? ಪುನಃ?”

“ಅವರ ಹತ್ತಿರವೇ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಸುಳ್ಳು ಹೇಳುವವನನ್ನು ಪರೀಕ್ಷಿಸಿದಂತೆ. ನಂತರ, “ಆಯ್ತು. ನೀವು ಹೋಗಿ ಬನ್ನಿ,” ಎಂದರು. ತಾನು ಏನು ಮಾಡುತ್ತೇನೆಂದು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.

ಹಿಂದಿರುಗುವಾಗ ಉಜಿರೆ ತಲುಪಿದೆವು. ಅಲ್ಲಿ ರಸ್ತೆಯ ಬದಿಗೆ ಕಾರು ನಿಲ್ಲಿಸಿ ಮೈಮುನಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು. ಅವಳು ಅಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು.

“ಸೋಮವಾರ ಹೋಗ್ತೀರಿ ಅಂತ ನನಗೆ ನೀವು ಹೇಳ್ಲೇ ಇಲ್ಲ,” ಎಂದಳು. “ಹೋಗುದಿಲ್ಲ ಅಂತ ಹೇಳಿಬಿಟ್ರೆ ಎಂತ ಮಾಡುವುದು ಅಂತ ಹೆದರಿ ನಾನು ಕೇಳ್ಲೂ ಇಲ್ಲ.”

“ನನಗೂ ಗೊತ್ತಿರ್ಲಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಗೌಡರು ಕೇಳಿದಾಗ ಬೇರೆ ಉತ್ತರ ಹೇಳಲು ನಾಲಿಗೆ ತಿರುಗಲಿಲ್ಲ, ಅಷ್ಟೆ. ಒಮ್ಮೆ ಅಲ್ಲಿ ಹೇಳಿಯಾದ ಮೇಲೆ ಅದು ನಿಶ್ಚಯವಾಯಿತು.

ಸಂಜೆ ಉಮ್ಮನಿಗೆ ಹೇಳಿದೆ. ಅವರು ಅಡಿಗೆಕೋಣೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರ್ ತಟ್ಟುತ್ತಿದ್ದರು. ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿದರು. ಬೀಡಿಯ ಮಾತು ಪುನಃ ಬರುತ್ತದೆಂದು ನಾನು ಹೆದರಿದ್ದೆ, ಅದು ಬರಲಿಲ್ಲ. ಯಾರಿಗೆಲ್ಲ ಗೊತ್ತುಂಟು ಎಂದು ಕೇಳಿದರು. ಮೈಮುನಾಳಿಗೆ ಎಂದೆ, ಇಂದು ಬೆಳಿಗ್ಗೆ ಚಾರ್ಮಾಡಿಯ ಗೌಡರಿಗೂ ಹೇಳಿ ಬಂದೆ ಎಂದೆ.

“ಮೋನೇ, ಚಾರ್ಮಾಡಿವರೆಗೆ ಕಾರು ಮಾಡಿಕೊಂಡು ಹೋಗಿ ಹೇಳಿ ಬಂದೆ,” ಎಂದರು. “ಈ ಅಡಿಗೆಕೋಣೆ ನಿನಗೆ ಅಷ್ಟು ದೂರ ಆಯ್ತಾ?”

ಅನಂತರ ಒಂದು ಪತ್ತಿರನ್ನು ತೆಂಗಿನ ಹಾಲಿನಲ್ಲಿ ನೆನೆಸಿ ನನ್ನ ಕೈಗೆ ಕೊಟ್ಟು, ತಿಂದು ಮುಗಿಯುವವರೆಗೂ ಎದುರು ನಿಂತರು.

ಸೋಮವಾರ ಆಸ್ಪತ್ರೆಯಲ್ಲಿ ಡ್ರಿಪ್ ಕೊಡುವ ವಿಭಾಗಕ್ಕೆ ನಾನು ಮೊದಲ ಬಾರಿಗೆ ಹೋದೆ. ಹಿಂದಿನ ಬಾರಿ ಶಸ್ತ್ರಚಿಕಿತ್ಸೆಯೊಂದೇ ಸಾಕಾಗಿತ್ತು. ಕಾಯುವ ಕೊಠಡಿಯಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಹೆಂಗಸೊಬ್ಬರು ತನ್ನ ಪಕ್ಕದ ಕುರ್ಚಿಯಿಂದ ಚೀಲ ತೆಗೆದು, ಕಿಟಕಿಯ ಬದಿಯ ಹಾಸಿಗೆಯನ್ನು ಕೇಳಿ ತೆಗೆದುಕೊಳ್ಳಿ, ಎ.ಸಿ.ಯ ಕೆಳಗಿನದ್ದು ಬೇಡ ಎಂದು ನಮಗೆ ತಿಳಿಸಿದರು. ಅಲ್ಲಿ ನಾನು ಸೇದುತ್ತಿದ್ದೆನೇ ಎಂದು ಯಾರೂ ಕೇಳಲಿಲ್ಲ. ನನ್ನ ಕೈಯಲ್ಲಿ ನರ ಸಿಗದೆ ನರ್ಸ್ ಎರಡು ಕಡೆ ಚುಚ್ಚಿ, ಪ್ರತಿ ಬಾರಿಯೂ ಸಾರಿ ಅಂಕಲ್ ಎಂದರು. ಮೂರನೆಯ ಬಾರಿ ಸಿಕ್ಕಿದಾಗ ನನಗಿಂತ ಅವರಿಗೇ ಹೆಚ್ಚು ಸಮಾಧಾನವಾಯಿತು. ಔಷಧಿ ತಣ್ಣಗೆ ತೋಳಿನಲ್ಲಿ ಏರುತ್ತಿತ್ತು. ನಾನು ಹೆದರಿದ್ದೆ ಎಂದು ಬರೆಯಲು ನಾಚಿಕೆಯಿಲ್ಲ. ಹಾಸಿಗೆಯ ಕಂಬಿಯನ್ನು ಹಿಡಿದ ಕೈಯನ್ನು ಬಿಡಿಸಲು ಮೈಮುನಾಳಿಗೆ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

ಮೈಮುನಾ ಚಹಾ ತರಲು ಕೆಳಗೆ ಹೋಗಿದ್ದಾಗ ಬಾಗಿಲಿನಲ್ಲಿ ಧರ್ಣಪ್ಪ ಗೌಡರು ಕಾಣಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಧರಿಸಿದ್ದರು. ರಮ್ಯಾ ಹಿಂದೆ ನಿಂತಿದ್ದಳು. ಅವರು ಒಳಗೆ ಬಂದು, ನನ್ನ ಮುಖಕ್ಕಿಂತ ಮೊದಲು ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿದರು. ಅಲ್ಲಿಂದ ಕೊಳವೆಯುದ್ದಕ್ಕೂ ಕಣ್ಣಿಳಿಸಿ ನನ್ನ ಕೈಯವರೆಗೆ ಬಂದರು.

“ನೀವು ಬರ್ತೀರಾ ಇಲ್ವಾ ಅಂತ ನೋಡುವ ಅಂತ ಬಂದದ್ದು,” ಎಂದರು.

“ಬಂದೆ,” ಎಂದೆ.

“ನೋವು ಉಂಟಾ?”

“ಚುಚ್ಚುವಾಗ ಇತ್ತು. ಈಗ ಇಲ್ಲ. ಹೆದರಿಕೆ ಉಂಟು.”

ಅವರು ಸ್ಟೂಲನ್ನು ಎಳೆದುಕೊಂಡು ಕುಳಿತರು. ಲೀಲಾವತಿಯಕ್ಕ ಬಂದಿಲ್ಲವೆಂದೂ, ಆಕೆಗೆ ಇನ್ನೂ ಸಿಟ್ಟಿದೆಯೆಂದೂ ಹೇಳಿದರು. ರಬ್ಬರಿನ ಬಗ್ಗೆ ಸ್ವಲ್ಪ ಮಾತಾಡಿದರು. ಔಷಧಿ ಮುಗಿಯಲು ಇನ್ನೂ ಬಹಳ ಹೊತ್ತು ಉಂಟೋ ಎಂದು ನರ್ಸನ್ನು ಕೇಳಿ ತಿಳಿದುಕೊಂಡರು. ಬಳಿಕ, ಏನೋ ಸಣ್ಣ ವಿಷಯ ನೆನಪಾದವರಂತೆ ನನ್ನ ಕಡೆಗೆ ತಿರುಗಿದರು.

“ಬುಧವಾರ ನೀವು ಬರುವುದು ಬೇಡ ಸರ್. ಈ ಮದ್ದಿನ ಸುಸ್ತು ಇರ್ತದಂತೆ. ರಮ್ಯಾ ಇರ್ತಾಳೆ ನನ್ನ ಹತ್ತಿರ.”

ರಮ್ಯಾ ಗೋಡೆಯ ಕಡೆಗೆ ತಿರುಗಿ ನಿಂತಳು.

ಅವರ ಶಸ್ತ್ರಚಿಕಿತ್ಸೆ ಆ ಬುಧವಾರವೇ ನಡೆಯಿತು. ಪಕ್ಕೆಯ ನಳಿಕೆ ಅವರನ್ನು ನನಗಿಂತ ಹೆಚ್ಚು ದಿನ ಸತಾಯಿಸಿತು; ಈಗ ಮನೆಯಲ್ಲಿದ್ದಾರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಹೋಗುತ್ತಾರೆ. ಅದು ಪುನಃ ಬರುವುದೇ ಇಲ್ಲವೆಂದು ಅವರಿಗೆ ಯಾರೂ ಹೇಳಿಲ್ಲ, ನಾನಂತೂ ಹೇಳಿಲ್ಲ. ನನ್ನ ಸೋಮವಾರಗಳು ಮುಂದುವರಿದಿವೆ. ಗಡ್ಡೆಗಳು ಸ್ವಲ್ಪ ಕುಗ್ಗಿವೆಯೆಂದು ಕಳೆದ ಬಾರಿ ವೈದ್ಯರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು. ಹತೋಟಿಯೆಂಬ ಪದದೊಂದಿಗೆ ಬದುಕಲು ಕಲಿಯುತ್ತಿದ್ದೇನೆ. ಕೆಲವು ದಿನ ಕಲಿತದ್ದು ಮರೆತುಹೋಗುತ್ತದೆ.

ಈಗಲೂ ಜನ ನಮ್ಮ ಮನೆಗೆ ಬರುತ್ತಾರೆ. ಹೊಸದಾಗಿ ಕಾಯಿಲೆಯ ಹೆಸರು ಕೇಳಿಸಿಕೊಂಡವರು, ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಹಿಡಿದುಕೊಂಡು, ಯಾರೋ ಕಳುಹಿಸಿದರೆಂದು ಬಂದು ಜಗಲಿಯಲ್ಲಿ ಕುಳಿತುಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯಾದದ್ದನ್ನು ಹೇಳುತ್ತೇನೆ. ಚೆನ್ನಾಗಿದ್ದ ಎರಡು ವರ್ಷಗಳನ್ನು ಹೇಳುತ್ತೇನೆ. ಪುನಃ ಬಂದದ್ದನ್ನೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಅಷ್ಟು ಕೇಳಿ ಎದ್ದು ಹೋದವರಿದ್ದಾರೆ; ಅವರನ್ನು ತಡೆಯಲು ನನ್ನ ಬಳಿ ಮಾತಿಲ್ಲ. ಹೆಚ್ಚಿನವರು ಏಳುವುದಿಲ್ಲ. ಹಾಗಾದರೆ ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಕೇಳುತ್ತಾರೆ. ಒಳಗಿನಿಂದ ಮೈಮುನಾ ಚಹಾಕ್ಕೆ ಇನ್ನೊಂದು ಲೋಟ ನೀರು ಸುರಿಯುವ ಸದ್ದು ಕೇಳಿಸುತ್ತದೆ.